ಗೆರೆ ಬದಲಾಗದ ನಕ್ಷೆ

ಊರುಗಳಿಗೆ ನಗರ ಯೋಜನೆ ಮಾಡಿಕೊಡುವ ಆ ಸಂಸ್ಥೆಗೆ ಇಪ್ಪತ್ತೈದು ವರ್ಷ ತುಂಬಿದ್ದು ಕೊರೊನಾದ ಎರಡನೇ ಅಲೆಯ ನಡುವೆ. ಸಮಾರಂಭ ಮಾಡುವಂತಿರಲಿಲ್ಲ. ಸ್ಮರಣ ಸಂಚಿಕೆಯನ್ನಾದರೂ ತರೋಣವೆಂದು ಎಲ್ಲರೂ ತಮ್ಮ ತಮ್ಮ ಮನೆಗಳಿಂದಲೇ ಆನ್‌ಲೈನ್ ಸಭೆ ಸೇರಿದ್ದರು.

ಸಂಸ್ಥೆಯನ್ನು ಕಟ್ಟಿದ ಶ್ರೀಪತಿ ರಾಯರು ಎರಡು ವಾರದಿಂದ ಯಾರ ಫೋನನ್ನೂ ಎತ್ತಿರಲಿಲ್ಲ. ಅವತ್ತು ಬಂದರು. ಗಡ್ಡ ಬೆಳೆದಿತ್ತು.

"ನಾವು ಬರೆದುಕೊಟ್ಟ ಹಾಗೇ, ಒಂದು ಗೆರೇನೂ ಬದಲಾಗದೆ ಆಗಿರೋ ಕೆಲಸ ಯಾವುದಿದೆ? ಅದನ್ನೇ ಮೊದಲನೇ ಪುಟಕ್ಕೆ ಹಾಕೋಣ," ಎಂದರು.

ಎಲ್ಲರೂ ತಾವು ಯೋಜನೆ ಮಾಡಿಕೊಟ್ಟ ಕೆಲಸಗಳನ್ನು ಒಂದೊಂದಾಗಿ ನೆನೆದರು. ಬಸ್ ನಿಲ್ದಾಣ ಅರ್ಧಕ್ಕೆ ನಿಂತಿತ್ತು. ಕೆರೆ ಪಕ್ಕ ಉದ್ಯಾನಕ್ಕೆಂದು ಗುರುತಿಸಿದ್ದ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಿತ್ತು.

"ಒಂದಿದೆ ಸರ್," ಎಂದಳು, ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬದ ಮೇದಿನಿ. "ಆದ್ರೆ ಅದನ್ನ ಹಾಕೋಕಾಗಲ್ಲ."

"ಯಾವುದಮ್ಮ?"

"ಊರಾಚೆ ಮಾಡಿದ್ರಲ್ಲ ಸರ್, ತಾತ್ಕಾಲಿಕ ಸ್ಮಶಾನ. ಹೋದ ತಿಂಗಳು ಒಂದು ಸೋಮವಾರ ನಗರಸಭೆಯವರು ಕೇಳಿದ್ರು, ನಾನೇ ನಕ್ಷೆ ಬರೆದುಕೊಟ್ಟೆ. ಗುರುವಾರ ಶುರುವಾಗೇ ಬಿಡ್ತು. ಇಪ್ಪತ್ತು ಚಿತೆ, ಆಂಬುಲೆನ್ಸ್‌ಗೆ ಬೇರೆ ದಾರಿ, ಮನೆಯವರು ಕೂರೋಕೆ ಒಂದು ಚಪ್ಪರ. ಯಾರೂ ಏನೂ ಬದಲಾಯಿಸಲಿಲ್ಲ."

"ಚಪ್ಪರ ಬೇಕು ಅಂತ ಅವರು ಕೇಳಿದ್ರಾ?"

"ಇಲ್ಲ ಸರ್. ನಾನೇ ಸೇರಿಸಿದೆ. ತಪ್ಪಾಯ್ತಾ?"

"ಅದನ್ನೇ ಹಾಕಮ್ಮ," ಎಂದರು ರಾಯರು. "ನಮ್ಮನೆಯವಳ ಸರದಿ ಬರೋವರೆಗೆ ಮೂರು ಗಂಟೆ ನಾನು ಅದರಡಿನೇ ಕೂತಿದ್ದೆ."