ಕುದ್ರುವಿನ ಅಜ್ಜಿ ಹೇಳಿದ ಮಾತು

ಮಾನ್ಯರೇ, ಪ್ರಥಮ ಬಾರಿಗೆ ಬರೆಯುತ್ತಿರುವ ನನ್ನ ಕಾಗುಣಿತದ ತಪ್ಪುಗಳನ್ನೂ ಸೊಟ್ಟ ಅಕ್ಷರಗಳನ್ನೂ ಮನ್ನಿಸಬೇಕಾಗಿ ಕೋರುತ್ತೇನೆ.

ಆಡಿನ ಒದ್ದೆ ಕೂದಲಿನ ವಾಸನೆ ಬಂದರೆ ಇಂದಿಗೂ ನನ್ನ ಕೈ ಅಮ್ಮನನ್ನು ಹುಡುಕುತ್ತದೆ.

ಎಂಬತ್ತರ ದಶಕದ ಒಂದು ಶುಕ್ರವಾರ ಮಧ್ಯಾಹ್ನ, ಒಮಾನಿನ ದಾರ್ಸೈಟಿನಲ್ಲಿ ವಾಸವಿದ್ದ ಅಪ್ಪ, ಅಮ್ಮ, ನಾನು ಮೂವರೂ ಅಲ್ಲಿನ ಬೆಟ್ಟಗಳ ನಡುವೆ ಸಿಹಿನೀರಿನ ಹಳ್ಳದಲ್ಲಿದ್ದ ನಡುಗಡ್ಡೆಗೆ, ನಮ್ಮ ಕಡೆಯ ಮಾತಿನಲ್ಲಿ ಕುದ್ರುವೊಂದಕ್ಕೆ, ಭೇಟಿ ನೀಡಿದ್ದೆವು. ಅಲ್ಲಿ ತಲೆಮಾರುಗಳಿಂದ ಆಡು ಸಾಕಿಕೊಂಡಿದ್ದ ಮನೆತನದ ಅಜ್ಜಿಯೊಬ್ಬರು, ತೊಳೆದ ಆಡಿನ ಕೂದಲನ್ನು ಬಂಡೆಯ ಮೇಲೆ ಹರಡುತ್ತಾ ನಮಗೆ ಖರ್ಜೂರ ಕೊಟ್ಟರು. ಸ್ವಲ್ಪ ಹೊತ್ತಿನಲ್ಲಿ ಅಪ್ಪ ಕಾಣಿಸಲಿಲ್ಲ.

"ಅಪ್ಪ ಎಲ್ಲಿ?" ಎಂದು ಅಜ್ಜಿಯನ್ನು ಕೈಸನ್ನೆ ಮಾಡಿ ಕೇಳಿದೆ.

ಅಜ್ಜಿ ಕಪ್ಪಗಿದ್ದ ಮಡುವಿನತ್ತ ಕೈ ತೋರಿಸಿ, "ಮಾಯ್, ಮಾಯ್" ಎಂದರು.

ನಮ್ಮ ತುಳುನಾಡಿನಲ್ಲಿ ದೈವವಾದವರನ್ನು ಮಾಯವಾದರು ಎನ್ನುತ್ತಾರೆ. ಅವರು ಮನೆಗೆ ಮರಳುವುದಿಲ್ಲ.

"ಅಮ್ಮ, ಅಪ್ಪ ಮಾಯ ಆದ್ರಂತೆ."

"ಬಿಡ್ತು ಅನ್ನು," ಎಂದ ಅಮ್ಮ ನನ್ನ ಕೈ ಬಿಟ್ಟರು. ಗಂಡನ ಹೆಸರನ್ನು ಎಂದೂ ಬಾಯಲ್ಲಿ ಆಡದ ಅವರು, ಮೊಣಕಾಲಿನವರೆಗೆ ನೀರಿಗಿಳಿದು ಆ ಹೆಸರನ್ನೇ ಕೂಗಿ ಕೂಗಿ ಕರೆದರು. ಬೆಟ್ಟವಷ್ಟೇ ಓಗೊಟ್ಟಿತು.

ಕೊನೆಗೆ ಬಂಡೆಯ ಹಿಂದಿನಿಂದ ಅಪ್ಪ ಕೊಡ ಹೊತ್ತು ಬಂದರು. ನಾನು ಅಳುತ್ತಾ ಹೇಳಿದ್ದನ್ನು ಕೇಳಿ ನಕ್ಕರು.

"ಮಾಯ್ ಅಂದ್ರೆ ಅರಬ್ಬಿಯಲ್ಲಿ ನೀರು. ಒರತೆಯಿಂದ ಅಜ್ಜಿಗೆ ನೀರು ತರ್ಲಿಕ್ಕೆ ಹೋದದ್ದು ಮಾರಾಯ್ತಿ. ಅದಿರ್ಲಿ, ನನ್ನ ಹೆಸರು ಕರೆದದ್ದು ಯಾರು?"

"ಮಗು," ಎಂದರು ಅಮ್ಮ, ಸೀರೆಯ ಒದ್ದೆ ನೆರಿಗೆ ಹಿಂಡುತ್ತಾ.

ಇದರಲ್ಲಿ ತಪ್ಪುಗಳು ಕಂಡುಬಂದಲ್ಲಿ ತಾವೇ ತಿದ್ದಿಕೊಡಬೇಕಾಗಿ ವಿನಂತಿ.