ಮುಖಪುಟದಲ್ಲಿ ಇಲ್ಲದ ಹೆಸರು

“ನಿಮ್ಮಪ್ಪಗ ನಿನ್ನ ಪುಸ್ತಕ ಹೋದ ವಾರನ ಮುಟ್ಟೇದ ನೋಡು! ನಾ ಈಗ ನೋಡಿದೆ,” ಎಂದು ಶಾಂಭವಿ ಕೊರಿಯರ್‌ನವರ ಮೆಸೇಜು ತೋರಿಸಿದಾಗ, ಎಲಿಕೆಮ್‌ನ ಕೈಯಲ್ಲಿದ್ದ ಉಪ್ಪಿಟ್ಟಿನ ಚಮಚ ಬಾಯಿಗೆ ಹೋಗದೆ ನಡುದಾರಿಯಲ್ಲೇ ನಿಂತಿತು. ಹುಡುಗ ಘಾನಾ ದೇಶದವನು. ಡೆಟ್ರಾಯಿಟ್‌ನಲ್ಲಿ ಆಡಳಿತಶಾಸ್ತ್ರ ಓದುತ್ತ, ಫಾರ್ಮಿಂಗ್ಟನ್ ಹಿಲ್ಸ್‌ನ ಶಾಂಭವಿಯ ಈ ಮನೆಯ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದ. ಅವನ ಮೊದಲ ಪುಸ್ತಕವನ್ನು ಷಿಕಾಗೋದ ಒಂದು ಸಣ್ಣ ಪ್ರಕಾಶನ ಆಗಷ್ಟೇ ಹೊರತಂದಿತ್ತು. ಇಬ್ಬರೂ ಮಾತಾಡುವುದು ಇಂಗ್ಲಿಷಿನಲ್ಲೇ. ಆದರೆ ಶಾಂಭವಿಯ ಇಂಗ್ಲಿಷೂ ಧಾರವಾಡದ್ದೇ.

“ಯಾರು ಕಳಿಸಿದ್ದು, ಆಂಟಿ?”

“ಮತ್ಯಾರು, ನಾನ! ಬಾಡಿಗಿ ಕಾಗದದಾಗ ನಿಮ್ಮಪ್ಪನ ವಿಳಾಸ ಇತ್ತಲ್ಲಾ. ಜೊತಿಗೆ ಒಂದು ಡಬ್ಬಿ ಕರದಂಟು. ನಿಮ್ಮ ಮಗ ಪುಸ್ತಕ ಬರದಾನ, ಆಶೀರ್ವಾದ ಮಾಡ್ರಿ ಅಂತ ಮೊದಲನೇ ಪುಟದಾಗ ಬರದು ಕಳಿಸೇನಿ. ಕನ್ನಡ ಸಂಘದ ಲೈಬ್ರರಿಗೆ ಅಂತ ನೀ ಒಂದು ಕೊಟ್ಟಿದ್ದ್ಯಲ್ಲಾ, ಅದನ್ನ. ಮೊದಲು ಹಡೆದವರಿಗೆ ಮುಟ್ಟಬೇಕಪಾ, ಆಮ್ಯಾಲೆ ಲೈಬ್ರರಿ.”

ಎಲಿಕೆಮ್ ಚಮಚವನ್ನು ತಟ್ಟೆಯಲ್ಲಿಟ್ಟ. “ಆಂಟಿ, ಅದನ್ನು ಬರೆದದ್ದು ನಾನು ಅಂತ ಅಪ್ಪನಿಗೆ ಗೊತ್ತಿರಲಿಲ್ಲ. ಗೊತ್ತಾಗಬಾರದು ಅಂತಲೇ ಬೇರೆ ಹೆಸರು ಹಾಕಿದ್ದು.”

“ಅಯ್ಯ, ಅದು ನಿನ್ನ ಕಾವ್ಯನಾಮ ಅಲ್ಲೇನು?”

ಪಾಪ, ಅವಳನ್ನು ಅಂದೇನು ಪ್ರಯೋಜನ? ಅವಳು ಬೆಳೆದ ಓಣಿಯಲ್ಲಿ ನಾಲ್ಕು ಸಾಲು ಬರೆಯುವವನೂ ಮೊದಲು ಒಂದು ಕಾವ್ಯನಾಮ ಇಟ್ಟುಕೊಂಡು, ಆಮೇಲೆ ಪದ್ಯಕ್ಕೆ ಕೈ ಹಾಕುತ್ತಿದ್ದ. ಆ ಹೆಸರು ಯಾರದೆಂದು ಇಡೀ ಊರಿಗೆ ಗೊತ್ತಿರುತ್ತಿತ್ತು. ಗೊತ್ತಿರಲಿ ಎಂದೇ ಇಟ್ಟುಕೊಳ್ಳುವುದು. ತಲೆ ಉಳಿಸಿಕೊಳ್ಳಲು ಬೇರೆ ಹೆಸರಿನ ಹಿಂದೆ ಅಡಗುವವರೂ ಇರುತ್ತಾರೆಂದು ಈ ಮಕ್ಕಳ ಡಾಕ್ಟರಮ್ಮನಿಗೆ ಹೊಳೆಯಲೇ ಇಲ್ಲ. ಪುಸ್ತಕ ಓದಿದ್ದರೆ ಹೊಳೆಯುತ್ತಿತ್ತೇನೋ. ಅವಳೋ ಎರಡು ಪುಟ ಓದಿ, “ಇಂಗ್ಲಿಷ್ ಭಾಳ ಛಲೋ ಬರೀತಿ,” ಎಂದು ಹುಡುಗನ ಬೆನ್ನು ತಟ್ಟಿ ತನ್ನ ಪ್ರತಿಯನ್ನು ಕಪಾಟಿಗೆ ಸೇರಿಸಿಬಿಟ್ಟಿದ್ದಳು.

ಪುಸ್ತಕದಲ್ಲಿದ್ದದ್ದನ್ನು ಈಗ ಹುಡುಗನ ಬಾಯಿಂದಲೇ ಕೇಳಬೇಕಾಯಿತು. ಅದು ಅವನೂರಿನ ಆಡಳಿತದ ಕಥೆ. ಹಾರ ಹಾಕಿಸಿಕೊಂಡು ಉದ್ಘಾಟನೆಯಾದ, ಹನಿ ನೀರೂ ಬಾರದ ಕೊಳವೆಬಾವಿ. ಚುನಾವಣೆ ಬಂದಾಗಲೆಲ್ಲ ಅಡಿಗಲ್ಲು ಬೀಳುವ, ಗೋಡೆ ಮಾತ್ರ ಏಳದ ಹೆರಿಗೆ ಆಸ್ಪತ್ರೆ. ಆ ಹಾರ ಹಾಕಿದ, ಆ ಅಡಿಗಲ್ಲು ಇಟ್ಟ ಊರಿನ ಆಡಳಿತ ಮಂಡಳಿಯ ಅಧ್ಯಕ್ಷರು ಬೇರೆ ಯಾರೂ ಅಲ್ಲ, ಎಲಿಕೆಮ್‌ನ ಅಪ್ಪ.

“ಚಿಕ್ಕಪ್ಪ ಸಭೆಯಲ್ಲಿ ಎದ್ದು ನಿಂತು ಒಂದೇ ಒಂದು ಪ್ರಶ್ನೆ ಕೇಳಿದ. ಅವತ್ತಿನಿಂದ ಅಪ್ಪ ಅವನ ಮುಖ ನೋಡಿಲ್ಲ. ನಾನು ಪುಸ್ತಕವನ್ನೇ ಬರೆದುಬಿಟ್ಟಿದ್ದೇನೆ ಆಂಟಿ. ಇನ್ನು ಆ ಮನೆಗೆ ನಾನು ಹೋದ ಹಾಗೇ.”

ಶಾಂಭವಿ ಹಣೆ ಬಡಿದುಕೊಂಡಳು. ಆಶೀರ್ವಾದ ಕೊಡಿಸಲು ಹೋಗಿ ಅಪ್ಪ ಮಗನ ಸಂಬಂಧಕ್ಕೇ ಕತ್ತರಿ ಹಾಕಿದೆನಲ್ಲ! ಲ್ಯಾಪ್‌ಟಾಪಿನ ಹಿಂದಿನಿಂದ ಗಂಡ ಚಿದಂಬರ, “ಒಂದು ಮಾತು ಹುಡುಗನ್ನ ಕೇಳಬಾರದಾಗಿತ್ತೇನ? ಊರ ಉಸಾಬರಿ ಎಲ್ಲಾ ನಿನಗ ಬೇಕು,” ಎಂದ. ಮದುವೆಯಾದಾಗಿನಿಂದ ಮೊದಲ ಸಲ ಅವಳು, “ಖರೇ ಅದ,” ಎಂದು ಗಂಡನ ಮಾತು ಒಪ್ಪಿಕೊಂಡಳು.

ಅಷ್ಟರಲ್ಲಿ ಎಲಿಕೆಮ್‌ನ ಫೋನು ಬಡಿದುಕೊಂಡಿತು. ಅಪ್ಪನ ವಿಡಿಯೋ ಕಾಲ್. ಅವನು ಮುಟ್ಟಲಿಲ್ಲ, ನಿಂತಿತು. ಮತ್ತೆ ಬಂತು.

“ಎತ್ತು,” ಎಂದು ಶಾಂಭವಿ ಕುರ್ಚಿ ಎಳೆದುಕೊಂಡು ಅವನ ಪಕ್ಕಕ್ಕೇ ಕೂತಳು. “ತಪ್ಪು ನಂದು. ಬೈಯೂದಿದ್ರ ನನಗೂ ಬೈಲಿ.”

ಪರದೆಯ ಮೇಲೆ ಇಸ್ತ್ರಿ ಅಂಗಿ, ಗಂಟು ಹುಬ್ಬಿನ ಹಿರಿಯರು ಕಾಣಿಸಿಕೊಂಡರು. ಮೊದಲು ಶಾಂಭವಿಯನ್ನು ನೋಡಿ, “ಸಿಹಿ ಕಳಿಸಿದ ಡಾಕ್ಟರು ನೀವೇನಾ? ಹಲ್ಲಿಗೆ ಅಂಟುತ್ತದೆ, ಆದರೆ ರುಚಿಯಾಗಿದೆ,” ಎಂದರು. ಆಮೇಲೆ ಮಗನ ಕಡೆ ತಿರುಗಿದರು. “ಪುಸ್ತಕ ಓದಿದೆ. ಓದಿ ಮುಗಿಸಿ ಒಲೆಗೆ ಹಾಕಲು ಹೋದೆ. ನಿಮ್ಮಮ್ಮ ಕಿತ್ತುಕೊಂಡಳು. ಆಮೇಲೆ ಇನ್ನೊಂದು ಸಲ ಓದಿದೆ.”

“ಅಪ್ಪ, ಅದರಲ್ಲಿ ಒಂದೇ ಒಂದು ಸುಳ್ಳಿದ್ದರೂ ಹೇಳಿ,” ಎಂದ ಎಲಿಕೆಮ್.

“ಇದೆ. ಇಲ್ಲಿದೆ.” ಅಪ್ಪ ಪುಸ್ತಕ ಎತ್ತಿ, ಮುಖಪುಟದ ಕೆಳಗಿನ ಹೆಸರಿನ ಮೇಲೆ ಹೆಬ್ಬೆಟ್ಟು ಒತ್ತಿದರು. “ಇವನು ಯಾರು? ನಮ್ಮ ಮನೆಯಲ್ಲಿ ಹುಟ್ಟಿದವನಾ? ಊರಿನವರ ಮೊಬೈಲಿನಲ್ಲಿ ಈ ಪುಸ್ತಕ ಆಗಲೇ ಓಡಾಡುತ್ತಿತ್ತು. ಎದುರು ಪಾರ್ಟಿಯವರು ಬರೆಸಿದ್ದು ಅಂತ, ಓದದೇನೇ ಭಾಷಣ ಮಾಡಿದೆ. ಚಪ್ಪಾಳೆಯೂ ಬಿತ್ತು. ಇನ್ನೊಂದು ಸಲ ಅಚ್ಚು ಹಾಕಿಸುವಾಗ ನಿನ್ನ ಹೆಸರು ಹಾಕು. ನನ್ನ ಹೆಸರು ಸೇರಿಸಿ, ಪೂರ್ತಿ ಹಾಕು.”

ಅಬ್ಬಾ! ಶಾಂಭವಿ ಗೆದ್ದವಳ ಹಾಗೆ ಚಿದಂಬರನ ಕಡೆ ತಿರುಗಿ ನೋಡಿದಳು. ಎಲಿಕೆಮ್ ನಗುತ್ತಿದ್ದನೋ ಅಳುತ್ತಿದ್ದನೋ, ಅವನಿಗೇ ತಿಳಿಯಲಿಲ್ಲ, ಎರಡೂ ಇತ್ತು.

“ಹಾಗಾದರೆ ಸಿಟ್ಟಿಲ್ಲವಾ, ಅಪ್ಪ?”

“ಸಿಟ್ಟಿಲ್ಲದೆ ಏನು? ವೈರಿ ಬರೆದಿದ್ದರೆ ಮೈಕು ಹಿಡಿದು ಬೈದು, ಮನೆಗೆ ಬಂದು ಹಾಯಾಗಿ ಮಲಗುತ್ತಿದ್ದೆ. ಬರೆದವನು ನೀನು ಅಂತ ಗೊತ್ತಾದ ಮೇಲೆ, ಈಗ ನಾನು ಆ ಆಸ್ಪತ್ರೆ ಕಟ್ಟಿಸಬೇಕಲ್ಲ!”