ಸ್ಟಾರ್ಟಿಂಗ್ ಟ್ರಬಲ್

ಆ ಹಳೇ ಕಾರು ಮೂರನೇ ಸಲ ಗ್ಯಾರೇಜಿಗೆ ಬಂದಾಗ ಮೆಕ್ಯಾನಿಕ್ ಚೆನ್ನಿಗಪ್ಪನಿಗೆ ತಲೆ ಕೆಟ್ಟುಹೋಯಿತು. ಎರಡು ಸಲ ಪ್ಲಗ್ ಉಜ್ಜಿ, ಕಾರ್ಬುರೇಟರ್ ತೊಳೆದು ಕೊಟ್ಟಿದ್ದ. ಆದರೂ ಅದು ಸ್ಟಾರ್ಟ್ ಆಗಲು ಸತಾಯಿಸುತ್ತಿತ್ತು. ಸ್ಟಾರ್ಟ್ ಆದರೂ ನಿಂತಲ್ಲೇ ಗಡಗಡ ನಡುಗಿ ಕಪ್ಪು ಹೊಗೆ ಉಗುಳುತ್ತಿತ್ತು.

"ಯಾವಾಗಿಂದ ಸಾರ್ ಹಿಂಗೆ?"

"ಜೂನ್‌ನಿಂದ," ಎಂದ ಮಾಲೀಕ, ಎತ್ತಲೋ ನೋಡುತ್ತ.

ಇಷ್ಟು ದಿನ ಕೀ ತಿರುಗಿಸುತ್ತಿದ್ದುದು ಮಾಲೀಕನೇ. ಈ ಸಲ ಚೆನ್ನಿಗಪ್ಪ ತಾನೇ ಹೋಗಿ ಸೀಟಿನಲ್ಲಿ ಕೂತ. ಕೂತವನೇ ನಕ್ಕುಬಿಟ್ಟ. ಯಾರೋ ಚೋಕಿನ ಗುಂಡಿಯನ್ನು ಪೂರ್ತಿ ಹೊರಕ್ಕೆಳೆದು, ಅದಕ್ಕೆ ಮಕ್ಕಳ ನೀರಿನ ಬಾಟಲಿಯೊಂದನ್ನು ನೇತುಹಾಕಿದ್ದರು.

"ಯಾರ ಕೆಲಸ ಸಾರ್ ಇದು?"

"ಮಗಳದ್ದು. ಸ್ಕೂಲಿಗೆ ಹೋಗುವಾಗ ಅಲ್ಲೇ ಹಾಕೋಳು."

"ಅದಕ್ಕೇ ಇಂಜಿನ್ ಪೆಟ್ರೋಲ್ ಜಾಸ್ತಿ ಕುಡಿದು ಒದ್ದಾಡ್ತಾ ಇದೆ. ಗುಂಡಿ ಒಳಕ್ಕೆ ತಳ್ಳಿದ್ರೆ ಮುಗೀತು. ಬಾಟ್ಲಿ ಮಗು ಕೈಗೇ ಕೊಡಿ."

ಚೆನ್ನಿಗಪ್ಪ ಬಾಟಲಿ ತೆಗೆದು ನೋಡಿದ. ಅರ್ಧ ಉಳಿದಿದ್ದ ನೀರು ಪಾಚಿಗಟ್ಟಿ ಹಸಿರಾಗಿತ್ತು.

"ಕೊನೇ ಸಲ ಅವಳು ಎಳೆದಿಟ್ಟಿದ್ದು," ಎಂದ ಮಾಲೀಕ. "ತಳ್ಳೋಕೆ ನನಗೆ ಕೈ ಬರಲ್ಲ."

ಚೆನ್ನಿಗಪ್ಪ ಬಾಟಲಿಯನ್ನು ಮತ್ತೆ ಅದೇ ಗುಂಡಿಗೆ ನೇತುಹಾಕಿ ಕೆಳಗಿಳಿದ.

"ವಾರಕ್ಕೊಂದ್ಸಲ ತಗೊಂಬನ್ನಿ ಸಾರ್. ಪ್ಲಗ್ ಉಜ್ಜಿ ಕೊಡ್ತೀನಿ."